ಎರಡು ಬೆರಳು ಜಾಗ

೪ ಮಾರ್ಚ್

ಅಣ್ಣನಿಗೆ,

ನಾನು ಚೆನ್ನಾಗಿದ್ದೇನೆ, ನನ್ನ ಮೂರು ಹೊಲಿಗೆ ಮಷಿನ್ನುಗಳೂ ಚೆನ್ನಾಗಿವೆ. ಚೆನ್ನಾಗಿಲ್ಲದವನು ಮುದುಕ ಒಬ್ಬನೇ. ಅಪ್ಪನ ಪಿಕಪ್ಪನ್ನೇ ಹೇಳುತ್ತಿದ್ದೇನೆ. ಹದಿನೆಂಟು ವರ್ಷ ಶೆಡ್ಡಿನಲ್ಲಿ ಕ್ಯಾನ್ವಾಸ್ ಹೊದ್ದು ಮಲಗಿದ್ದವನನ್ನು ಹೋದ ತಿಂಗಳು ಎಬ್ಬಿಸಿದೆ.

ಫೋನ್ ಮಾಡಿ ಹೇಳಬಹುದಿತ್ತು. ಆದರೆ ಪ್ರೆಸ್ಸಿನ ಮಷಿನ್ನುಗಳ ಪಕ್ಕ ಮೂವತ್ತೈದು ವರ್ಷ ನಿಂತು ನೀನು ಕಿವಿ ಕಳೆದುಕೊಂಡ ಮೇಲೆ ಫೋನಿನಲ್ಲಿ ನಮ್ಮ ಮಾತೆಂದರೆ ನಾನು ಕಿರುಚುವುದು, ನೀನು ‘ಏನು, ಏನು’ ಅನ್ನುವುದು, ಕೊನೆಗೆ ಅತ್ತಿಗೆ ಬಂದು ಫೋನ್ ಕಿತ್ತುಕೊಳ್ಳುವುದು. ಪತ್ರವೇ ವಾಸಿ. ಪತ್ರದಲ್ಲಿ ಬೈದರೆ ನಿನಗೆ ಪೂರ್ತಿ ಕೇಳಿಸುತ್ತದೆ.

ಈಗ ನನಗೆ ನಾಟಕದ ಪರದೆ, ಟೆಂಟು, ಅಂಗಡಿ ಮುಂದಿನ ನೆರಳು ಬಟ್ಟೆ, ಇಂಥ ದೊಡ್ಡ ಕೆಲಸಗಳೇ ಹೆಚ್ಚು. ಒಂದೊಂದು ಕ್ಯಾನ್ವಾಸ್ ಸುರುಳಿಯನ್ನು ಮೂರು ಜನ ಎತ್ತಬೇಕು. ಮನೆಯಲ್ಲೇ ಗಟ್ಟಿಮುಟ್ಟಾದ ಗಾಡಿ ಇಟ್ಟುಕೊಂಡು ಬಾಡಿಗೆ ವ್ಯಾನಿನವನ ಮುಖ ಏಕೆ ನೋಡಲಿ? ಬೀದಿಯ ಕೊನೆಯ ಗ್ಯಾರೇಜ್ ಮೇಸ್ತ್ರಿ ಎಂಜಿನ್, ಬ್ರೇಕು ಎರಡನ್ನೂ ಸರಿಮಾಡಿದರು. ಹೊಸ ಟೈರೂ ಹಾಕಿಸಿದೆ. ಉಳಿದಿರುವುದು ಒಂದೇ ರಗಳೆ. ಸ್ಟೀರಿಂಗನ್ನು ಡ್ರೈವರ್ ಕಡೆಗೆ ಪೂರ್ತಿ ತಿರುಗಿಸಿದರೆ ಆ ಕಡೆಯ ಮುಂದಿನ ಟೈರು ಒಳಗಿನ ಉದ್ದ ಸ್ಟೀರಿಂಗ್ ರಾಡಿಗೆ ಉಜ್ಜಿ ‘ಗರ್ರ್’ ಎನ್ನುತ್ತದೆ, ಚಕ್ರ ಅಲ್ಲೇ ಬಿಗಿದು ನಿಲ್ಲುತ್ತದೆ.

ಇದು ಹಳೆಯ ಕಾಯಿಲೆಯೇ. ನಾನು ಗೇಟಿನ ಕಂಬಕ್ಕೆ ಗುದ್ದಿದ ದಿನದಿಂದ ಹೀಗೆ ಎಂದು ಅಪ್ಪ ಸಾಯುವ ತನಕ ಹೇಳುತ್ತಿದ್ದರಲ್ಲ. ಆ ಕಂಬ ಇನ್ನೂ ಓರೆಯಾಗಿಯೇ ನಿಂತಿದೆ. ಗಿರಾಕಿಗಳಿಗೆ ವಿಳಾಸ ಹೇಳುವಾಗ ‘ಸೊಟ್ಟ ಕಂಬದ ಮನೆ’ ಅನ್ನುತ್ತೇನೆ, ಯಾರೂ ದಾರಿ ತಪ್ಪುವುದಿಲ್ಲ.

ಜೂನ್ ೩೦ರೊಳಗೆ ಮುದುಕ ಸರ್ಕಾರದ ತಪಾಸಣೆಯಲ್ಲಿ ಪಾಸಾಗಬೇಕು. ಆಗದಿದ್ದರೆ ನೋಂದಣಿ ರದ್ದು, ನೇರ ಗುಜರಿಗೆ. ಅಪ್ಪನ ಕಾಲದಲ್ಲಿ ಅದರ ಹೊಟ್ಟೆಯ ಕೆಳಗೆ ತೂರುತ್ತಿದ್ದವನು ನೀನೊಬ್ಬನೇ. ಏನು ಮಾಡಲಿ, ಹೇಳು. ಓಡಿಸುವುದಕ್ಕೆ ಒಬ್ಬ ಡ್ರೈವರನ್ನು ಗೊತ್ತುಮಾಡಿದ್ದೇನೆ. ಸ್ವಲ್ಪ ವಯಸ್ಸಾದವರು, ಆದರೆ ನಂಬಿಕಸ್ಥರು.

ನೀನು ಇಲ್ಲಿಗೆ ಬಂದು ಹನ್ನೊಂದು ವರ್ಷವಾಯಿತು. ಮಂಡಿ ನೋವಿನ ಕಥೆ ಬೇಡ. ಅತ್ತಿಗೆ ಹೇಳಿದ್ದಾಳೆ, ಸಂಜೆ ಸಂಜೆ ನೀನು ಎರಡು ಮೈಲಿ ನಡೆಯುತ್ತೀಯಂತೆ.

ನಿನ್ನ ತಂಗಿ

೧೫ ಮಾರ್ಚ್

ಗುಂಡುಸೂಜಿಗೆ,

ನಿನ್ನ ಪತ್ರ ಓದಿ ಬಹಳ ಸಂತೋಷವಾಯಿತು. ಐವತ್ತೇಳು ತುಂಬಿದರೂ ಚುಚ್ಚುವುದನ್ನು ಬಿಟ್ಟಿಲ್ಲ, ಅದಕ್ಕೆ ಈ ಹೆಸರೇ ನಿನಗೆ ಸರಿ.

ಕಾಯಿಲೆ ನನಗೆ ಕೂತಲ್ಲಿಂದಲೇ ಕಾಣುತ್ತಿದೆ. ಟೈರು! ಈಗಿನವರು ದಪ್ಪ ಟೈರು ಹಾಕಿದರೆ ಗಾಡಿಗೆ ಕಳೆ ಬರುತ್ತದೆ ಎಂದುಕೊಂಡಿದ್ದಾರೆ. ಮುದುಕನ ಕಾಲದ ಗಾಡಿಗಳಿಗೆ ಸಣ್ಣ ಪಾದ, ಸಣ್ಣ ಚಪ್ಪಲಿ. ಡ್ರೈವರ್ ಬಾಗಿಲಿನ ಒಳಗೆ ಒಂದು ತಗಡಿನ ಪಟ್ಟಿ ಇದೆ, ಅದರಲ್ಲಿ ಅಳತೆ ಬರೆದಿದೆ. ಅದೇ ಅಳತೆಯ ಟೈರು ಹಾಕಿಸು. ಸ್ಟೀರಿಂಗ್ ಪೂರ್ತಿ ತಿರುಗಿದಾಗ ಟೈರಿಗೂ ರಾಡಿಗೂ ನಡುವೆ ಎರಡು ಬೆರಳು ಜಾಗ ಇರಬೇಕು. ಅಪ್ಪನ ಲೆಕ್ಕ ಅದು.

ಅಷ್ಟು ಮಾಡಿದರೆ ಸಾಕು. ಬೇರೆ ಏನನ್ನೂ ಬಿಚ್ಚಿಸಬೇಡ. ಹಳೆ ಗಾಡಿ ಬಿಚ್ಚಿದರೆ ಮತ್ತೆ ಸೇರುವುದಿಲ್ಲ. ಮೇಸ್ತ್ರಿಗಳಿಗೆ ಬಿಚ್ಚುವ ಚಪಲ ಜಾಸ್ತಿ, ಹುಷಾರು. ನನ್ನ ಕೇಳಿದರೆ, ಹಳೆ ಗಾಡಿಗಳನ್ನು ಜೋಪಾನ ಮಾಡುವ ಹುಚ್ಚಿನವರು ಇರುತ್ತಾರೆ, ಅಂಥವರಿಗೆ ಹಾಗೆಯೇ ಕೊಟ್ಟುಬಿಡುವುದು ಒಳ್ಳೆಯದು. ಈ ವಯಸ್ಸಿನಲ್ಲಿ ನಿನಗೇಕೆ ಇಲ್ಲದ ಉಸಾಬರಿ?

ಮಂಡಿ ನಿಜಕ್ಕೂ ನೋಯುತ್ತದೆ.

ಅಣ್ಣ

ಅತ್ತಿಗೆಯ ಎರಡು ಸಾಲು: ಮಂಡಿ ನೋಯುವುದು ನಿಮ್ಮ ಮನೆಗೆ ಹೋಗೋಣ ಅಂದಾಗ ಮಾತ್ರ. ನನಗೂ ಕಾರಣ ಹೇಳುತ್ತಿಲ್ಲ. ನೀನು ಮುದುಕನನ್ನು ಕೊಡಬೇಡ, ನನಗೆ ಅದರ ಮೇಲೆ ಪ್ರೀತಿಯಿದೆ.

೨೮ ಮಾರ್ಚ್

ಅಣ್ಣನಿಗೆ,

ತಗಡಿನ ಪಟ್ಟಿ ಸಿಕ್ಕಿತು. ಅಪ್ಪ ಅದರ ಮೇಲೆ ಬಳಿದ ಬಣ್ಣವನ್ನು ಬ್ಲೇಡಿನಿಂದ ಕೆರೆದು ಅಳತೆ ಓದಿದೆ. ಸಣ್ಣ ಟೈರು ಹುಡುಕುವಷ್ಟರಲ್ಲಿ ಮೇಸ್ತ್ರಿಗೆ ಸಾಕು ಸಾಕಾಯಿತು, ಆದರೂ ತಂದು ಹಾಕಿದರು. ಮುದುಕ ಈಗ ಪಾಲಿಶ್ ಹಾಕಿದ ಬೂಟಿನಲ್ಲಿ ನಿಂತ ಹಾಗೆ ಠೀವಿಯಿಂದ ನಿಂತಿದ್ದಾನೆ.

ಉಜ್ಜುವುದು ಕಡಿಮೆಯಾಗಿದೆ, ನಿಂತಿಲ್ಲ. ನೀನು ಹೇಳಿದ ಎರಡು ಬೆರಳಿನ ಲೆಕ್ಕ ನೋಡೋಣವೆಂದು ಕೆಳಗೆ ಮಲಗಿ ಕೈ ತೂರಿಸಿದೆ. ನನ್ನ ಒಂದು ಬೆರಳೂ ಹೋಗಲಿಲ್ಲ. ಒಂದು ಕಾಗದ ತೂರಿಸಿದೆ, ಅದು ಹರಿದು ಬಂತು. ಇದನ್ನೆಲ್ಲ ನೋಡುತ್ತ ನಿಂತಿದ್ದ ಮೇಸ್ತ್ರಿ, “ಅಮ್ಮಾ, ಯಾರ ಬೆರಳು ಅಂತ ನಿಮ್ಮಣ್ಣ ಬರ್ದಿದಾರಾ? ನಿಮ್ದಾದ್ರೆ ಎರಡು ಸೇರಿದ್ರೂ ನಂದೊಂದು ಆಗಲ್ಲ” ಅಂದರು. ಯಾರ ಬೆರಳು, ತಿಳಿಸು.

ಗಾಡಿ ಕೊಡುವ ಮಾತು ಇನ್ನೊಂದು ಸಲ ಎತ್ತಬೇಡ. ಅಪ್ಪನ ವಸ್ತು ಎಂದರೆ ನಿನಗೆ ಏನೂ ಅನ್ನಿಸುವುದಿಲ್ಲವೇ? ಸ್ವಲ್ಪ ಬೇಸರವಾಯಿತು, ಹೇಳಿಬಿಟ್ಟಿದ್ದೇನೆ.

ನಿನ್ನ ತಂಗಿ

೯ ಏಪ್ರಿಲ್

ಗುಂಡುಸೂಜಿಗೆ,

ಬೆರಳು ಅಪ್ಪನದು. ಅಪ್ಪನ ಬೆರಳು ನನಗೆ ಬಂದಿದೆ, ಆದ್ದರಿಂದ ನನ್ನದು ಎಂದೇ ಇಟ್ಟುಕೋ. ಇದರ ಹಿಂಬದಿಯಲ್ಲಿ ನನ್ನ ಎರಡು ಬೆರಳಿನ ಸುತ್ತ ಪೆನ್ಸಿಲ್ ಎಳೆದಿದ್ದೇನೆ, ಕತ್ತರಿಸಿ ರಟ್ಟಿಗೆ ಅಂಟಿಸಿಕೋ.

ಇನ್ನು ಸುಲಭದ ದಾರಿ ಹೇಳುತ್ತೇನೆ. ಚಕ್ರ ಇಷ್ಟಕ್ಕಿಂತ ಹೆಚ್ಚು ತಿರುಗದ ಹಾಗೆ ತಡೆಯುವ ಒಂದು ಬೋಲ್ಟು ಮುಂದಿನ ಚಕ್ರಗಳ ಅಚ್ಚಿನ ತುದಿಯಲ್ಲಿದೆ. ಅದನ್ನು ಸ್ವಲ್ಪ ಹೊರಗೆ ತಿರುಗಿಸಿದರೆ ಚಕ್ರ ರಾಡನ್ನು ಮುಟ್ಟುವ ಮೊದಲೇ ನಿಲ್ಲುತ್ತದೆ. ಎರಡು ಸ್ಪಾನರು, ಹತ್ತು ನಿಮಿಷದ ಕೆಲಸ. ಯಾವುದನ್ನೂ ಬಿಚ್ಚಬೇಕಾಗಿಲ್ಲ. ಗಾಡಿ ಸ್ವಲ್ಪ ಅಗಲವಾಗಿ ತಿರುಗುತ್ತದೆ, ಅಷ್ಟೇ. ಅಪ್ಪ ಇಪ್ಪತ್ತು ವರ್ಷ ಅಗಲವಾಗಿಯೇ ತಿರುಗಿಸಿಕೊಂಡು ಓಡಿಸಲಿಲ್ಲವೇ?

ಅಪ್ಪನ ವಸ್ತು ಎಂದರೆ ಅನ್ನಿಸುತ್ತದೆ. ಬಹಳ ಅನ್ನಿಸುತ್ತದೆ. ಆ ಮಾತು ಬೇಡ.

ಅಣ್ಣ

ಅತ್ತಿಗೆಯ ಸಾಲು: ನಿನ್ನ ಪತ್ರ ಬಂದಾಗಿನಿಂದ ಇವರು ಕೋಣೆಯಲ್ಲಿ ಶತಪಥ ಹಾಕುತ್ತಿದ್ದಾರೆ. ಮಂಡಿಗೆ ಏನೂ ಆಗಿಲ್ಲ.

೨೧ ಏಪ್ರಿಲ್

ಅಣ್ಣನಿಗೆ,

ಬೋಲ್ಟು ತಿರುಗಿಸಿದ್ದಾಯಿತು. ಉಜ್ಜುವುದು ನಿಂತಿತು, ತಿರುಗುವುದೂ ನಿಂತಿತು! ನಮ್ಮ ಬೀದಿಯ ತಿರುವಿನಲ್ಲಿ ಮೂರು ಸಲ ಹಿಂದೆ ಮುಂದೆ ಮಾಡಬೇಕಾಯಿತು. ಹಿಂದೆ ನಿಂತ ಹಾಲಿನ ವ್ಯಾನಿನವನು ಎಂಜಿನ್ ಆರಿಸಿ ಪೇಪರ್ ಓದತೊಡಗಿದ. ತಪಾಸಣೆಯ ಅಂಗಳದಲ್ಲಿ ನೆಲದ ಮೇಲೆ ಬಿಳಿ ಬಣ್ಣದಲ್ಲಿ ದೊಡ್ಡ ವೃತ್ತ ಬರೆದಿದ್ದಾರಂತೆ. ಅದರೊಳಗೆ ಒಂದೇ ಸಲಕ್ಕೆ ಪೂರ್ತಿ ಸುತ್ತು ಹಾಕಬೇಕು, ಗೆರೆ ದಾಟಬಾರದು, ಎಲ್ಲಿಯೂ ಉಜ್ಜುವ ಸದ್ದು ಬರಬಾರದು. ನಿನ್ನ ಸುಲಭದ ದಾರಿಯಲ್ಲಿ ಮುದುಕ ಆ ವೃತ್ತದಿಂದ ಹೊರಗೆ ಬಿದ್ದು ಗುಜರಿಗೇ ಹೋಗುತ್ತಾನೆ.

ಈಗ ನಾನೊಂದು ಬಚ್ಚಿಟ್ಟದ್ದು ಹೇಳಬೇಕು. ಆ ವಯಸ್ಸಾದ ನಂಬಿಕಸ್ಥ ಡ್ರೈವರು ನಾನೇ.

ನಗಬೇಡ. ಹೋದ ವರ್ಷ ಯಾರಿಗೂ ಹೇಳದೆ ಡ್ರೈವಿಂಗ್ ಕಲಿಯಲು ಸೇರಿದೆ. ಕಲಿಸುವವಳು ನನ್ನ ಅರ್ಧ ವಯಸ್ಸಿನ ಹುಡುಗಿ. ಮೊದಲ ದಿನವೇ ತಪ್ಪೊಪ್ಪಿಕೊಳ್ಳುವ ಹಾಗೆ ಅವಳಿಗೆ ಕಂಬದ ಕಥೆಯನ್ನೆಲ್ಲ ಹೇಳಿದೆ. ನಿನಗೂ ಜ್ಞಾಪಕವಿರಬೇಕು. ಸೋಮವಾರ ಬೆಳಿಗ್ಗೆ. ನಾನು ಒಂದು ವರ್ಷದಿಂದ ಪೀಡಿಸುತ್ತಲೇ ಇದ್ದೆ. ಬಡಗಿ ಕೆಲಸಕ್ಕೆ ಮರ ತರಲು ಹೋಗಿ ಹಿಂದಿನ ಸಂಜೆ ಬಂದಿದ್ದ ಅಪ್ಪ ಅವತ್ತು ಒಪ್ಪಿ ಪಕ್ಕದಲ್ಲಿ ಕೂತಿದ್ದರು. ಶೆಡ್ಡಿನಿಂದ ಗೇಟಿನವರೆಗೆ ಚೆನ್ನಾಗಿಯೇ ಬಂದೆ. ಗೇಟಿನಲ್ಲಿ ತಿರುಗಿಸಿದೆ, ಅಣ್ಣಾ, ಹೇಳಿದಷ್ಟೂ ತಿರುಗಿಸಿದೆ. ಸ್ಟೀರಿಂಗು ಅರ್ಧದಲ್ಲಿ ಬಿಗಿದು ನಿಂತಿತು, ಎದುರಿಗೆ ಕಂಬ ಬಂತು. ಅಪ್ಪ ಇಳಿದು ಕಂಬ ನೋಡಿದರು, ನನ್ನ ಕೈ ನೋಡಿದರು. “ಇವಳ ಕೈಗೆ ಸ್ಟೀರಿಂಗು ಒಗ್ಗಲ್ಲ” ಅಂದರು. ಬೈಯಲೂ ಇಲ್ಲ. ಬೈದಿದ್ದರೆ ಮರೆಯುತ್ತಿದ್ದೆನೇನೋ. ನೀನು ಅಂಗಳದಲ್ಲಿ ಹಲಗೆಗೆ ತೋಪಡ ಹಾಕಿ ನಯಮಾಡುತ್ತಿದ್ದೆ, ತಲೆಯೆತ್ತಲಿಲ್ಲ. ನಾನು ಅವತ್ತಿನಿಂದ ಸ್ಟೀರಿಂಗ್ ಮುಟ್ಟಲಿಲ್ಲ. ಇಷ್ಟು ವರ್ಷ ಎಲ್ಲಿ ಹೋಗಬೇಕಾದರೂ ಯಾರದೋ ಪಕ್ಕದ ಸೀಟಿನಲ್ಲಿ ಕೂತು ಹೋದೆ. ದಿನಾ ಬೆಳಿಗ್ಗೆ ಬಾಗಿಲು ತೆಗೆದರೆ ಆ ಸೊಟ್ಟ ಕಂಬ. ನಾನು ಅದರ ಮೇಲೆ ಜೋಕು ಮಾಡುತ್ತೇನೆ, ಜನ ನಗುತ್ತಾರೆ.

ಕಲಿಸುವ ಹುಡುಗಿ ನಾಲ್ಕನೆಯ ವಾರ ಅಂದಳು, “ಆಂಟಿ, ನಿಮ್ ಕೈಗೆ ಏನೂ ಆಗಿಲ್ಲ. ನನಗಿಂತ ನೀಟಾಗಿ ತಿರುಗಿಸ್ತೀರಾ.” ಅವತ್ತು ಮನೆಗೆ ಬಂದು ಒಬ್ಬಳೇ ಅತ್ತೆ, ಆಮೇಲೆ ಒಬ್ಬಳೇ ಎರಡು ಲೋಟ ಟೀ ಕುಡಿದೆ. ಲೈಸೆನ್ಸ್ ಬಂತು. ಆ ಪುಟ್ಟ ಕಾರು ಓಡಿಸಿದರೆ ನನಗೆ ಸಮಾಧಾನವಿಲ್ಲ. ಮುದುಕನನ್ನೇ ಓಡಿಸಬೇಕು, ಆ ಗೇಟಿನಿಂದಲೇ, ಒಂದೇ ಸಲಕ್ಕೆ. ಇದು ಬರೀ ಕ್ಯಾನ್ವಾಸ್ ಸಾಗಿಸುವ ಮಾತಲ್ಲ ಎಂದು ಈಗ ನಿನಗೆ ಗೊತ್ತಾಗಿರಬೇಕು.

ಇನ್ನೊಂದು ವಿಷಯ. ನಿನ್ನೆ ನನ್ನ ಟೇಪು ತಂದು ಮುದುಕನ ಮೈ ಅಳತೆ ತೆಗೆದೆ. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿನವರೆಗೆ, ಎರಡೂ ಪಕ್ಕ. ಡ್ರೈವರ್ ಕಡೆ ಮುಕ್ಕಾಲು ಇಂಚು ಗಿಡ್ಡ! ಒಂದು ತೋಳು ಗಿಡ್ಡವಾದ ಅಂಗಿಯ ಹಾಗೆ. ಮೇಸ್ತ್ರಿ ನಂಬದೆ ತಾವೂ ಅಳೆದರು. “ಗಾಡಿಗೆ ಅಳತೆ ತಗೊಳ್ಳೋ ಟೈಲರ್‌ನ ಇವತ್ತೇ ನೋಡಿದ್ದು ನಾನು. ಮುಂದಿನ ಅಚ್ಚು ಆ ಕಡೆ ಹಿಂದಕ್ಕೆ ಜರುಗಿದೆ ಅಮ್ಮಾ, ಬಿಚ್ಚಿ ನೋಡ್ಲೇಬೇಕು” ಅಂದರು. ಬಿಚ್ಚಲಿ ಎಂದಿದ್ದೇನೆ. ಅವರಿಗೆ ಪುರುಸೊತ್ತು ಆದ ಕೂಡಲೇ.

ನಿನ್ನ ಗುಂಡುಸೂಜಿ

೧೮ ಮೇ

ಅಣ್ಣನಿಗೆ,

ನಾಲ್ಕು ವಾರವಾಯಿತು, ನಿನ್ನಿಂದ ಒಂದು ಸಾಲಿಲ್ಲ. ನಾನು ಸ್ಟೀರಿಂಗ್ ಹಿಡಿಯುವುದು ನಿನಗೂ ಇಷ್ಟವಿಲ್ಲವೇ? ಅಪ್ಪ ಅಂದ ಮಾತನ್ನೇ ನೀನೂ ಅನ್ನುವೆಯೆಂದು ನನ್ನ ಮನಸ್ಸು ಹೇಳುತ್ತಿದೆ. ಅದನ್ನಾದರೂ ಬರೆದುಬಿಡು, ನಿನ್ನ ಮೌನಕ್ಕಿಂತ ಅದೇ ಮೇಲು.

ಮೇಸ್ತ್ರಿ ಈ ಭಾನುವಾರವಲ್ಲ, ಬರುವ ಭಾನುವಾರ ಬಿಚ್ಚುತ್ತಾರೆ.

ತಂಗಿ

೨೪ ಮೇ

ನಾದಿನಿಗೆ,

ನಾನು ಅತ್ತಿಗೆ. ಇವರಿಗೆ ತಿಳಿಸದೆ ಬರೆಯುತ್ತಿದ್ದೇನೆ. ಇವರ ಮೈಗೆ ಏನೂ ಆಗಿಲ್ಲ, ಊಟ ಸೇರುತ್ತಿಲ್ಲ ಅಷ್ಟೇ. ದಿನಾ ನಿನಗೆ ಪತ್ರ ಬರೆಯುತ್ತಾರೆ, ಬರೆದು ಹರಿಯುತ್ತಾರೆ. ಬುಟ್ಟಿಯಲ್ಲಿ ನಾನೇ ಒಂಬತ್ತು ಎಣಿಸಿದೆ. ಒಂಬತ್ತೂ ‘ಗುಂಡುಸೂಜಿಗೆ’ ಎಂದು ಶುರುವಾಗಿ ಅಲ್ಲೇ ನಿಂತಿವೆ. “ನಿಮ್ಮ ತಂಗಿ ಗಾಡಿ ಓಡಿಸ್ತಾಳಂತೆ, ಖುಷಿಪಡೋದು ಬಿಟ್ಟು ಇದೇನ್ರೀ?” ಅಂತ ಜೋರಾಗಿ ಕೇಳಿದೆ. ಕೇಳಿಸದ ಹಾಗೆ ನಟಿಸಿದರು. ಕೇಳಿಸಿತ್ತು, ನನಗೆ ಗೊತ್ತು.

ನಾನು ಮಾತ್ರ ನಿನ್ನ ಪತ್ರ ಮೂರು ಸಲ ಓದಿ ಮೂರು ಸಲವೂ ಚಪ್ಪಾಳೆ ತಟ್ಟಿದೆ.

ನಿನ್ನ ಅತ್ತಿಗೆ

೨೭ ಮೇ

ಅಣ್ಣನಿಗೆ,

ನಿನ್ನೆ ಮೇಸ್ತ್ರಿ ಮುದುಕನನ್ನು ಜಾಕಿನ ಮೇಲೆ ಎತ್ತಿ ಡ್ರೈವರ್ ಕಡೆಯ ಮುಂದಿನ ಪಟ್ಟಿ ಸ್ಪ್ರಿಂಗನ್ನು ಬಿಚ್ಚಿದರು. ಸ್ಪ್ರಿಂಗಿನ ನಡುವಿನ ಬೋಲ್ಟಿನ ತಲೆ ಅಚ್ಚಿನ ಮೇಲಿನ ಒಂದು ತೂತಿನಲ್ಲಿ ಕೂರಬೇಕಂತೆ. ಆ ತೂತು ಯಾವುದೋ ಏಟಿಗೆ ಉದ್ದಕ್ಕೆ ಹಿಗ್ಗಿದೆ. ಹಿಗ್ಗಿದ ಜಾಗಕ್ಕೆ ಯಾರೋ ತಗಡು ಮಡಿಸಿ ತುರುಕಿದ್ದಾರೆ, ಅಚ್ಚು ಹಿಂದಕ್ಕೆ ಜರುಗಿದ ಜಾಗದಲ್ಲೇ ಬಿಗಿದಿದ್ದಾರೆ.

ತಗಡನ್ನು ಸೀಮೆಎಣ್ಣೆಯಲ್ಲಿ ಅದ್ದಿ ಬಿಡಿಸಿ, ಸುತ್ತಿಗೆಯಿಂದ ತಟ್ಟಿ ನೆಟ್ಟಗೆ ಮಾಡಿದೆ. ಹಳದಿ ಬಣ್ಣ. ಮೂಲೆಯಲ್ಲಿ ಮೊಳೆಯಿಂದ ಗೀಚಿದ ಅಕ್ಷರ. ‘ಗುಂಡುಸೂಜಿ.’ ನೀನೇ ಗೀಚಿದ್ದು, ನನ್ನನ್ನು ರೇಗಿಸಿ ಅಳಿಸುವುದಕ್ಕೆ.

ಅದು ನನ್ನ ಜಾಮಿಟ್ರಿ ಡಬ್ಬಿಯ ಮುಚ್ಚಳ.

ಆ ಡಬ್ಬಿ ಕಳೆದದ್ದು ಶನಿವಾರ. ಭಾನುವಾರ ಸಂಜೆ ಅಪ್ಪ ಊರಿಂದ ಬಂದು ‘ವಸ್ತುವಿನ ಬೆಲೆ ಗೊತ್ತಿಲ್ಲದವಳು’ ಎಂದು ಬೈದರು. ಕಂಬಕ್ಕೆ ಗುದ್ದಿದ್ದು ಸೋಮವಾರ. ನಾನು ಹೊಲಿಯುವವಳು ಅಣ್ಣಾ, ಯಾವ ಹೊಲಿಗೆ ಮೊದಲು, ಯಾವುದು ಆಮೇಲೆ ಎಂದು ನನಗೆ ಬಟ್ಟೆ ನೋಡಿದರೆ ತಿಳಿಯುತ್ತದೆ. ನಾನು ಕಂಬಕ್ಕೆ ಗುದ್ದುವ ಮೊದಲೇ ಗಾಡಿ ಕೆಟ್ಟಿತ್ತು. ನನ್ನ ಕೈ ಕೆಟ್ಟಿರಲಿಲ್ಲ. ಅದನ್ನು ಬಲ್ಲವನು ಹಲಗೆಗೆ ತೋಪಡ ಹಾಕುತ್ತ ತಲೆ ತಗ್ಗಿಸಿ ನಿಂತಿದ್ದ.

ಟೈರು ಬದಲಾಯಿಸು, ಬೋಲ್ಟು ತಿರುಗಿಸು, ಬಿಚ್ಚಬೇಡ, ಕೊಟ್ಟುಬಿಡು! ಐದು ವಾರ ಮೌನ! ಈಗ ಎಲ್ಲ ಅರ್ಥವಾಯಿತು. ನನಗೆ ಎಷ್ಟು ಕೋಪ ಬಂದಿದೆಯೆಂದರೆ ಈ ಪೆನ್ನಿಗೆ ಎರಡು ಸಲ ಕಾಗದ ಹರಿಯಿತು. ನಲವತ್ತೊಂದು ವರ್ಷ, ಅಣ್ಣಾ! ಒಂದು ಮಾತು ಹೇಳಲು ನಿನಗೆ ನಲವತ್ತೊಂದು ವರ್ಷ ಸಾಲಲಿಲ್ಲವೇ?

ಉತ್ತರ ಬರೆಯಬೇಡ. ಬರೆದರೂ ಒಡೆಯುವುದಿಲ್ಲ.

೨೭ ಮೇ

ಗುಂಡುಸೂಜಿಗೆ,

ಇದು ಹತ್ತನೆಯ ಪತ್ರ, ಇದನ್ನು ಹರಿಯುವುದಿಲ್ಲ. ಮೇಸ್ತ್ರಿ ಬಿಚ್ಚಿದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ. ಬಿಚ್ಚುವ ಮೊದಲೇ ಇದು ನಿನ್ನ ಕೈ ಸೇರಬೇಕಿತ್ತು, ಹೇಡಿತನದಿಂದ ತಡಮಾಡಿದೆ. ನಿನಗೆ ತಾನಾಗಿ ಗೊತ್ತಾಗುವುದಕ್ಕೂ ನಾನು ಹೇಳುವುದಕ್ಕೂ ವ್ಯತ್ಯಾಸವಿದೆ ಎಂದು ನಿನ್ನೆ ಹೊಳೆಯಿತು.

ಅಪ್ಪ ಮರ ತರಲು ಬಾಡಿಗೆ ಲಾರಿಯಲ್ಲಿ ಎರಡು ದಿನ ಊರಿಗೆ ಹೋಗಿದ್ದರಲ್ಲ, ಆ ಶನಿವಾರ ನಾನು ಹೇಳದೆ ಕೇಳದೆ ಮುದುಕನನ್ನು ಹೊರಗೆ ತೆಗೆದೆ. ಹತ್ತೊಂಬತ್ತು ವರ್ಷ, ತಲೆಗೆ ಎಣ್ಣೆ, ಕೊರಳಿಗೆ ಕರ್ಚೀಫು. ಪಕ್ಕದ ಸೀಟಿನಲ್ಲಿ ಒಬ್ಬ ಹುಡುಗಿ. ಆ ಹುಡುಗಿ ಈಗ ಅಡುಗೆಮನೆಯಲ್ಲಿ ಬೀನ್ಸ್ ಬಿಡಿಸುತ್ತಿದ್ದಾಳೆ. ಅವಳ ಕಡೆ ನೋಡುತ್ತ ಮೋರಿಯ ಕಟ್ಟೆಗೆ ಮುಂದಿನ ಚಕ್ರ ಗುದ್ದಿಸಿದೆ. ‘ಏನಾಯ್ತು?’ ಅಂದಳು. ‘ಏನಿಲ್ಲ, ಸಣ್ಣ ಕಲ್ಲು’ ಅಂದೆ. ಈವರೆಗೂ ಅವಳು ಅದು ಸಣ್ಣ ಕಲ್ಲು ಎಂದೇ ತಿಳಿದಿದ್ದಾಳೆ.

ಅವಳನ್ನು ಇಳಿಸಿ ಬಂದು ಕೆಳಗೆ ತೂರಿ ನೋಡಿದೆ. ಅಚ್ಚಿನ ತೂತು ಹಿಗ್ಗಿತ್ತು. ಎಳೆದು ಮುಂದಕ್ಕೆ ತರಲು ನನ್ನೊಬ್ಬನ ಕೈಲಾಗಲಿಲ್ಲ. ಮತ್ತೆ ಜರುಗದಿದ್ದರೆ ಸಾಕು, ಅಪ್ಪನಿಗೆ ಗೊತ್ತಾಗುವುದಿಲ್ಲ ಎಂದುಕೊಂಡು ತುರುಕಲು ಏನಾದರೂ ಹುಡುಕಿದೆ. ಕೆಲಸದ ಮೇಜಿನ ಮೇಲೆ ನಿನ್ನ ಜಾಮಿಟ್ರಿ ಡಬ್ಬಿ ಇತ್ತು. ಆಮೇಲೆ ಹೊಸದು ಕೊಡಿಸಿದರಾಯಿತು ಅಂದುಕೊಂಡೆ.

ಅಪ್ಪ ಊರಿಂದ ಬಂದ ಮರುದಿನವೇ ನಿನಗೆ ಸ್ಟೀರಿಂಗ್ ಕೊಡುತ್ತಾರೆಂದು ನನಗೆ ಗೊತ್ತಿರಲಿಲ್ಲ. ನೀನು ಹತ್ತಿ ಕೂತದ್ದನ್ನು ಕಂಡಾಗ ಓಡಿಬಂದು ನಿಲ್ಲಿಸಬೇಕಿತ್ತು. ಹಲಗೆಗೆ ತೋಪಡ ಹಾಕುತ್ತಲೇ ಇದ್ದೆ. ಅಪ್ಪ ಆ ಮಾತು ಅಂದಾಗ ನೀನು ನಿನ್ನ ಎರಡು ಕೈಯನ್ನೂ ನೋಡಿಕೊಂಡೆ. ತಲೆಯೆತ್ತಲಿಲ್ಲ ಎಂದು ನೀನು ಬರೆದಿದ್ದೀಯ. ಎತ್ತಿದ್ದೆ. ಅದನ್ನು ನೋಡಿದ್ದೆ.

ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದು ಅಪ್ಪನೂ ಹೋದರು. ನಿನ್ನ ಮನೆಗೆ ಬಂದರೆ ಮೊದಲು ಎದುರಾಗುವುದು ಆ ಕಂಬ. ನೀನು ಅದನ್ನು ತೋರಿಸಿ ನಗುತ್ತೀಯ, ಎಲ್ಲರೂ ನಗುತ್ತಾರೆ, ನನಗೆ ನೆಲ ಬಾಯಿಬಿಡಬಾರದೇ ಅನ್ನಿಸುತ್ತದೆ. ನೋವು ಮಂಡಿಯಲ್ಲಿಲ್ಲ. ಗಾಡಿ ಹೋಗಿಬಿಟ್ಟರೆ ಈ ಪಾಪವೂ ಜೊತೆಗೇ ಹೋಗುತ್ತದೆ ಎಂಬ ದುರಾಸೆಯಿಂದ ಕೊಟ್ಟುಬಿಡು ಎಂದೆ.

ನಿನ್ನ ಕೈಗೆ ಏನೂ ಆಗಿರಲಿಲ್ಲ. ಅಪ್ಪನ ಎದುರಿಗೆ ಹೇಳಬೇಕಿದ್ದ ಮಾತನ್ನು ನಿನ್ನ ಎದುರಿಗೆ ಹೇಳುತ್ತಿದ್ದೇನೆ. ಹೊಟ್ಟೆಗೆ ಹಾಕಿಕೊಳ್ಳುವುದಾದರೆ ಹಾಕಿಕೋ. ಆಗದಿದ್ದರೆ ಅದೂ ನ್ಯಾಯವೇ.

ಅಣ್ಣ

೧ ಜೂನ್

(ಕಾರ್ಡು)

ನಿನ್ನ ೨೭ರ ಪತ್ರ ತಲುಪಿತು. ಬೈದದ್ದು ಪೂರ್ತಿ ಕೇಳಿಸಿತು. ಡಬ್ಬಿಯಲ್ಲಿದ್ದ ಕೈವಾರ ಇಷ್ಟು ವರ್ಷ ನನ್ನ ಹತ್ತಿರವೇ ಇತ್ತು, ಪಾರ್ಸೆಲ್ ಮಾಡಿದ್ದೇನೆ. ಮುಳ್ಳು ಚೂಪಾಗಿದೆ, ಹುಷಾರಾಗಿ ಬಿಚ್ಚು.

ಅಣ್ಣ

೪ ಜೂನ್

ಅಣ್ಣನಿಗೆ,

ನಿನ್ನ ಪತ್ರ ಬಂದಾಗ ಒಡೆಯುವುದಿಲ್ಲ ಎಂದು ಕತ್ತರಿಯ ಕೆಳಗೆ ಇಟ್ಟೆ. ಅರ್ಧ ಗಂಟೆ ಪರದೆ ಹೊಲಿದೆ. ಹೊಲಿಗೆ ಸೊಟ್ಟಗೆ ಹೋಯಿತು. ಮತ್ತೆ ಲಕೋಟೆ ತೆಗೆದು ಅಂಚೆ ಮೊಹರಿನ ತಾರೀಖು ನೋಡಿದೆ. ೨೭ ಮೇ. ನಾನು ನಿನ್ನನ್ನು ಬೈದು ಪತ್ರ ಹಾಕಿದ ದಿನವೇ. ನನ್ನದು ನಿನ್ನ ಕೈ ಸೇರುವ ಮೊದಲೇ ನೀನು ಬರೆದಿದ್ದೀಯ ಎಂದು ತಿಳಿಯಿತು. ಆಗ ಒಡೆದೆ.

ಸಿಕ್ಕಿಬಿದ್ದ ಮೇಲೆ ಒಪ್ಪಿಕೊಂಡಿದ್ದರೆ ಆ ಪತ್ರ ಒಲೆಗೆ ಹೋಗುತ್ತಿತ್ತು. ಸಿಕ್ಕಿಬಿದ್ದದ್ದು ನಿನಗೆ ಗೊತ್ತೇ ಇರಲಿಲ್ಲ. ಒಂದು ದಿನ ಹಿಂದೆ ಮುಂದೆಯೂ ಅಲ್ಲ, ಅದೇ ದಿನ! ಕೊರಳಿಗೆ ಕರ್ಚೀಫು ಅನ್ನುವಲ್ಲಿಗೆ ಬಂದಾಗ ನನಗೆ ನಗು ಬಂದುಬಿಟ್ಟಿತು. ಆ ಕರ್ಚೀಫೂ ನನ್ನದೇ, ಗೊತ್ತೇನೋ? ಅಳು ಒಂದು ಕಡೆ, ನಗು ಒಂದು ಕಡೆ. ಕೊನೆಗೆ ಹೊಟ್ಟೆ ಹಿಡಿದುಕೊಂಡು ನಕ್ಕೆ. ಹೊಲಿಗೆ ಹುಡುಗಿಯರು ಓಡಿಬಂದು ನೀರು ಕೊಟ್ಟರು.

ಹೊಟ್ಟೆಗೆ ಹಾಕಿಕೊಂಡಿದ್ದೇನೆ. ಅಷ್ಟು ದೊಡ್ಡದನ್ನು ಹಾಕಿಕೊಂಡ ಮೇಲೆ ಎರಡು ದಿನ ಹಸಿವೇ ಆಗಲಿಲ್ಲ ಎಂದು ಅತ್ತಿಗೆಗೆ ಹೇಳು. ಅದು ಸಣ್ಣ ಕಲ್ಲಾಗಿರಲಿಲ್ಲ ಎಂದೂ ಹೇಳು.

ಮೇಸ್ತ್ರಿ ಹಿಗ್ಗಿದ ತೂತಿಗೆ ವೆಲ್ಡಿಂಗ್ ತುಂಬಿ, ಸರಿಯಾದ ಜಾಗದಲ್ಲಿ ಹೊಸ ತೂತು ಕೊರೆದು, ಹೊಸ ಬೋಲ್ಟು ಹಾಕಿದರು. ನಾಲ್ಕು ಜನ ಸೇರಿ ಅಚ್ಚನ್ನು ಮುಕ್ಕಾಲು ಇಂಚು ಮುಂದಕ್ಕೆ ಎಳೆದರು. ನಾನು ಟೇಪು ಹಿಡಿದೆ, ಎರಡೂ ಪಕ್ಕ ಒಂದೇ ಅಳತೆ. ತಡೆ ಬೋಲ್ಟನ್ನು ಹಳೆಯ ಜಾಗಕ್ಕೆ ತಿರುಗಿಸಿ, ಸ್ಟೀರಿಂಗನ್ನು ಪೂರ್ತಿ ತಿರುಗಿಸಿ, ನಿನ್ನ ಬೆರಳಿನ ರಟ್ಟು ತೂರಿಸಿದೆ. ಸರಾಗವಾಗಿ ಒಳಗೆ ಹೋಗಿ ಸರಾಗವಾಗಿ ಹೊರಗೆ ಬಂತು. ಮೇಸ್ತ್ರಿ ಆ ರಟ್ಟನ್ನು ತಮಗೆ ಬೇಕೆಂದು ಕೇಳುತ್ತಿದ್ದಾರೆ. ಕೊಡಲಿಲ್ಲ.

ತಪಾಸಣೆ ೧೮ಕ್ಕೆ.

ಗುಂಡುಸೂಜಿ

೧೯ ಜೂನ್

ಅಣ್ಣಾ! ಪಾಸು!

ನಿನ್ನೆ ಬೆಳಿಗ್ಗೆ ಕೈವಾರವನ್ನು ಬ್ಲೌಸಿಗೆ ಬ್ರೂಚಿನ ಹಾಗೆ ಸಿಕ್ಕಿಸಿಕೊಂಡು ಮುದುಕನನ್ನು ಹತ್ತಿದೆ. ಮೇಸ್ತ್ರಿ, ಹೊಲಿಗೆ ಹುಡುಗಿಯರು, ಡ್ರೈವಿಂಗ್ ಕಲಿಸಿದ ಹುಡುಗಿ ಎಲ್ಲರೂ ಅಂಗಳದಲ್ಲಿ ಸಾಲಾಗಿ ನಿಂತಿದ್ದರು. ಶೆಡ್ಡಿನಿಂದ ಗೇಟಿಗೆ ಬಂದೆ. ತಿರುಗಿಸಿದೆ. ತಿರುಗಿತು, ಅಣ್ಣಾ. ಬೆಣ್ಣೆಯ ಹಾಗೆ ತಿರುಗಿತು. ಕಂಬ ನನ್ನ ಕಿಟಕಿಯ ಪಕ್ಕ ಬಂದು, ಪಕ್ಕದಲ್ಲೇ ಹಿಂದೆ ಹೋಯಿತು. ನಾನು ಕೈ ಹೊರಗೆ ಹಾಕಿ ಅದರ ತಲೆ ಸವರಿದೆ.

ತಪಾಸಣೆಯ ಸಾಹೇಬರು ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, “ಡ್ರೈವರ್ ಎಲ್ಲಮ್ಮಾ?” ಅಂದರು. “ಇಲ್ಲೇ ಇದೀನಲ್ಲ ಸಾರ್” ಅಂದೆ. ವೃತ್ತದೊಳಗೆ ಒಂದೇ ಸಲಕ್ಕೆ ಸುತ್ತು ಹಾಕಿದೆ. ಅವರು ಬಗ್ಗಿ ಕಿವಿಗೊಟ್ಟು ಕೇಳಿದರು. ಏನೂ ಉಜ್ಜಲಿಲ್ಲ. ಕಾಗದಕ್ಕೆ ಮೊಹರು ಹಾಕಿ, “ಇನ್ನೊಂದು ಸುತ್ತು ಹಾಕಿ ತೋರ್ಸಿ, ನಮ್ ಹುಡುಗ್ರೂ ನೋಡ್ಲಿ” ಅಂದರು. ಇನ್ನೊಂದಲ್ಲ, ಮೂರು ಹಾಕಿದೆ. ಮೂರನೆಯದು ಅಪ್ಪನಿಗೆ.

ಸಂಜೆ ಗಾರೆಯವನು ಬಂದು, ಈಗಲಾದರೂ ಕಂಬ ನೆಟ್ಟಗೆ ಮಾಡೋಣವೇ ಎಂದು ಕೇಳಿದ. ಬೇಡ ಅಂದೆ. ಅದರ ಮೇಲೆ ನೀಲಿ ಬಣ್ಣದಲ್ಲಿ ‘ಅಣ್ಣನ ಕಂಬ’ ಎಂದು ಬರೆಸಿದ್ದೇನೆ. ಗಿರಾಕಿಗಳು ಏನು ಎಂದು ಕೇಳುತ್ತಿದ್ದಾರೆ. ಬಂದು ನೀನೇ ಹೇಳು.

ಗುಂಡುಸೂಜಿ

೨೬ ಜೂನ್

ಗುಂಡುಸೂಜಿಗೆ,

ನಿನ್ನ ಪತ್ರವನ್ನು ನಿನ್ನ ಅತ್ತಿಗೆ ಬೀದಿಗೆಲ್ಲ ಕೇಳುವ ಹಾಗೆ ಓದಿದಳು, ನನಗೂ ಕೇಳಿಸಿತು. ನಾನು ಅತ್ತೆ ಎಂದು ಅವಳು ಬರೆದರೆ ನಂಬಬೇಡ. ಸ್ವಲ್ಪ ಅತ್ತೆ.

ಬರುತ್ತೇನೆ. ಮಂಡಿ ಪೂರ್ತಿ ವಾಸಿಯಾಗಿದೆ. ಬಸ್ಸಿನಲ್ಲಿ ಬರಲೇ, ರೈಲಿನಲ್ಲಿ ಬರಲೇ, ಬರೆದು ತಿಳಿಸು. ಕಂಬದ ಪಕ್ಕ ಒಂದು ಕುರ್ಚಿ ಹಾಕಿಸು, ಬಂದವರಿಗೆಲ್ಲ ನಾನೇ ಕೂತು ಕಥೆ ಹೇಳುತ್ತೇನೆ. ಕರ್ಚೀಫು ನಿನ್ನದೆಂದು ನನಗೆ ಗೊತ್ತಿರಲಿಲ್ಲ, ಆಣೆ ಮಾಡುತ್ತೇನೆ.

ಅಣ್ಣ

ಅತ್ತಿಗೆಯ ಸಾಲು: 'ಸಣ್ಣ ಕಲ್ಲಿ'ನ ವಿಚಾರಣೆ ಇಲ್ಲಿ ನಡೆಯುತ್ತಿದೆ. ಇವರಿಗೆ ಎರಡು ದಿನ ಪಾತ್ರೆ ತೊಳೆಯುವ ಶಿಕ್ಷೆಯಾಗಿದೆ.

೧ ಜುಲೈ

ಅಣ್ಣನಿಗೆ,

ಬಸ್ಸೂ ಬೇಡ, ರೈಲೂ ಬೇಡ. ನಾನೇ ಬಂದು ಕರೆದುಕೊಂಡು ಬರುತ್ತೇನೆ. ಬರುವ ಶುಕ್ರವಾರ ಬೆಳಿಗ್ಗೆ ಹೊರಟು ಸಂಜೆ ನಾಲ್ಕಕ್ಕೆ ನಿಮ್ಮ ಬಾಗಿಲಿಗೆ. ಮುಂದಿನ ಸೀಟು ಉದ್ದವಾಗಿದೆ, ಮೂರು ಜನ ಆರಾಮಾಗಿ ಕೂರಬಹುದು. ಅತ್ತಿಗೆ ಕಿಟಕಿಯ ಕಡೆ, ನೀನು ನಡುವೆ. ಅತ್ತಿಗೆಯ ಮುಖ ಎಷ್ಟು ಬೇಕಾದರೂ ನೋಡಿಕೋ, ಈ ಸಲ ಓಡಿಸುವವಳು ದಾರಿ ನೋಡುತ್ತಿರುತ್ತಾಳೆ.

ನಾನು ಹಾರ್ನ್ ಹೊಡೆದರೆ ನಿನಗೆ ಕೇಳಿಸದು, ಆದ್ದರಿಂದ ಕಿಟಕಿಯ ಹತ್ತಿರ ನಿಂತಿರು.

ನಿಮ್ಮ ಗೇಟು ಚಿಕ್ಕದು ಎಂದು ಅತ್ತಿಗೆ ಫೋನಿನಲ್ಲಿ ಹೇಳಿದಳು. ನೀನು ಹೆದರಿ ಒಂದು ಕಂಬ ಕೀಳಿಸುವ ಮಾತಾಡುತ್ತಿದ್ದೀಯಂತೆ. ಕೀಳಿಸಬೇಡ, ಅಲ್ಲೇ ಇರಲಿ. ಎರಡೂ ಕಡೆ ನಿನ್ನ ಎರಡೆರಡು ಬೆರಳು ಜಾಗ ಇದ್ದರೆ ನನಗೆ ಸಾಕು.

ನಿನ್ನ ಡ್ರೈವರ್